ಗಿಡ್ಡ ಮೊಳ

ಈ ವಿದ್ಯೆಯ ಹೆಸರೇನು ಎಂದು ಹೊಸಬರು ಕೇಳುತ್ತಾರೆ.
ಫಾರಂ ತುಂಬಬೇಕಂತೆ, ಒಂದು ಗೆರೆ ಖಾಲಿ ಇದೆಯಂತೆ.
ಬರ್ಕೊಳ್ಳಿ: ಟೈರ್ ಅಂಗಡಿ ಮೇಲಿಂದು.

ಕೆಳಗೆ ಕಲಾಸಿಪಾಳ್ಯದ ಬಸ್ಸು ಹಿಂದಕ್ಕೆ ಸರಿಯುವಾಗ
ನಮ್ಮ ಕಿಟಕಿಯ ಗಾಜು ಹಲ್ಲು ಕಡಿಯುತ್ತದೆ.
ಕ್ಲೀನರ್ ಹುಡುಗ ತಗಡು ಬಡಿದು ಕೂಗುತ್ತಾನೆ,
ಬರ್ಲಿ, ಬರ್ಲಿ, ಇನ್ನೊಂದ್ ಗೇಣು, ಸಾಕ್!
ಅವನನ್ನೇ ಮೇಲೆ ಕರೆತಂದು ಪಾಠ ಹೇಳಿಸಬೇಕು.

ಹುಟ್ಟಿದ ಕಥೆ ಮೂರು ಥರ ಇದೆ.
ಮೂರರಲ್ಲೂ ಮೂಗು ಒಂದೇ, ಉಸ್ತಾದ್ ಗವಿರಂಗಪ್ಪನವರದು.
ಮುರಿದವರು ಮಾತ್ರ ಬೇರೆ ಬೇರೆ.
ಪಚ್ಚೆಯಮ್ಮನನ್ನು ಕೇಳಿದರೆ, ಅವಳೇ.
ನಾನು ನಂಬುವುದರಲ್ಲಿ ಅದು ಕ್ಲೆಮೆಂಟ್,
ರೈಲ್ವೆ ಶೆಡ್ಡಿನ ಫಿಟ್ಟರ್. ಜಗಳ ಒಂದು ಸೈಕಲ್ ಪಂಪಿಗೆ.
ಕೈಗೆ ಸಿಗದಷ್ಟು ದೂರದಲ್ಲಿ ಕುಣಿಕುಣಿದು ಮೂರು ಗುದ್ದಿದ.
ನಾಲ್ಕನೆಯದಕ್ಕೆ ಉಸ್ತಾದರು ತಲೆ ತಗ್ಗಿಸಿ ಒಳನುಗ್ಗಿ
ಸೊಂಟ ತಬ್ಬಿದರು.
ಆಮೇಲೆ ಕ್ಲೆಮೆಂಟ್ ಕಂಡಿದ್ದು ಕಾಟನ್‌ಪೇಟೆಯ ಆಕಾಶ,
ಅಡ್ಡಾದಿಡ್ಡಿ ಕರೆಂಟು ತಂತಿ, ಒಂದು ಹರಿದ ಗಾಳಿಪಟ.
ಗೆದ್ದವರು ಯಾರು?
ಸೋತದ್ದು ತಾನೇ ಎಂದು ಇಬ್ಬರೂ ಸಾಯುವ ತನಕ ವಾದಿಸಿದರು.

ಮರುದಿನ ಬಂದ, ಆ ಪಟ್ಟು ಕಲಿಸು ಅಂತ.
ಗರಡಿಯ ಬಾಗಿಲು ಎದೆಯೆತ್ತರ, ಬಗ್ಗದೆ ಒಳಗಿಲ್ಲ.
ಬಗ್ಗುತ್ತೇನೆ, ಬೂಟು ಬಿಚ್ಚಲ್ಲ ಎಂದ.
ಬಿನ್ನಿ ಮಿಲ್ ಗೇಟಿನಲ್ಲಿ ಚಹಾ ಮಾರುವ ಪಚ್ಚೆಯಮ್ಮನ ಕೋಲು
ಆ ಬಾಗಿಲಲ್ಲಿ ಹಿಡಿಸಲಿಲ್ಲ;
ಹಿಡಿಸಿದ್ದರೂ ಹೆಂಗಸು, ಮಣ್ಣಿಗಿಳಿಯುವಂತಿಲ್ಲ.
ಹೀಗೆ ಒಳಗೆ ಹನುಮಂತ, ಕೆಮ್ಮಣ್ಣು, ಎಣ್ಣೆ, ಅರಿಶಿನ.
ಹೊರಗೆ ಚಪ್ಪಡಿ ಕಲ್ಲಿನ ಮೇಲೆ ಬೂಟು, ಕೋಲು,
ಮತ್ತು ಒಂಬತ್ತು ವರ್ಷದ ನಾನು,
ಅಮ್ಮನ ಕೈಗೆ ಪಟ್ಟಿ ಕಟ್ಟಿಸಲು ಜೊತೆಗೆ ಬಂದವಳು.
ಕೊನೆಗೆ ಉಸ್ತಾದರೇ ಬಗ್ಗಿ ಹೊರಗೆ ಬಂದರು.
ನಮ್ಮದು ಹುಟ್ಟಿದ್ದು ಆ ಮೆಟ್ಟಿಲಲ್ಲಿ, ಚರಂಡಿಯ ಪಕ್ಕ.

ದೂರಗಳನ್ನು ಈಗ ಹೀಗೆ ಕಲಿಸುತ್ತೇನೆ.
ಎರಡು ಮಾರಿಗೆ ಕೋಲು. ಅಲ್ಲಿ ಕೋಲು ನೋಡಬೇಡ, ಭುಜ ನೋಡು.
ಒಂದು ಮಾರಿಗೆ ಕಾಲು,
ಆದರೆ ಒದೆಯುವವನು ಅಷ್ಟು ಹೊತ್ತು
ಒಂಟಿಕಾಲಿನ ಕೊಕ್ಕರೆ, ಮರೆಯಬೇಡ.
ಮೊಳಕ್ಕೆ ಮುಷ್ಟಿ, ಅದು ಕ್ಲೆಮೆಂಟನ ಸೀಮೆ.
ಗುದ್ದುವಾಗ ಹಲ್ಲಿನ ಸಂದಿಯಿಂದ ಉಸಿರು ಬಿಡುತ್ತಿದ್ದ,
ಕಾದ ಇಸ್ತ್ರಿಪೆಟ್ಟಿಗೆಗೆ ನೀರು ಸೋಕಿದಂತೆ.
ಗೇಣಿಗೆ ಬಂದರೆ ಮೊಣಕೈ;
ದಿನಾ ಸಿಟಿ ಬಸ್ಸಲ್ಲಿ ನಿಂತು ಬರುವ ಹೆಂಗಸರಿಗೆ
ಇದನ್ನು ಹೇಳಿಕೊಡಬೇಕಾಗಿಲ್ಲ.
ಅದಕ್ಕಿಂತ ಒಳಗೆ ಅಳತೆಯೇ ಇಲ್ಲ.
ಅಲ್ಲಿ ಎದುರಾಳಿ ಬೆಳಿಗ್ಗೆ ಏನು ತಿಂದನೆಂದು ಗೊತ್ತಾಗುತ್ತದೆ,
ಹೆದರಿದ್ದಾನೋ ಇಲ್ಲವೋ, ಅದೂ ಗೊತ್ತಾಗುತ್ತದೆ.

ಕಷ್ಟ ಇರುವುದು ನಡುವಿನಲ್ಲಿ.
ಮಾರಿನಿಂದ ಮೊಳಕ್ಕೆ ದಾಟುವ ಆ ಅರ್ಧ ಹೆಜ್ಜೆಯಲ್ಲೇ
ಎಲ್ಲರೂ ಹೊಡೆಸಿಕೊಳ್ಳುವುದು. ನಾನೂ,
ಈ ಬಲಗಡೆಯ ಹಲ್ಲು ಕಟ್ಟಿಸಿದ್ದು.

ಅಮ್ಮ ಮಾರ್ಕೆಟ್ಟಿನ ಮೆಟ್ಟಿಲ ಮೇಲೆ
ಸೇವಂತಿಗೆ ಮೂಟೆ ಸಮೇತ ಉರುಳಿದ್ದಳು.
ಬಿದಿರ ದಬ್ಬೆ, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು:
ಉಸ್ತಾದರು ಕಟ್ಟಿದ ಮುಂಗೈ ಕೂಡಿಕೊಂಡಿತು,
ಎರಡು ಬೆರಳು ಗಿಡ್ಡವಾಗಿ.
ನಸುಕಿಗೇ ಗಿರಾಕಿಗಳು ಶುರು: ಏನಮ್ಮ, ನಿನ್ ಮೊಳ ಕಮ್ಮಿ.
ಅವಳು ವಾದಕ್ಕಿಳಿಯಲಿಲ್ಲ.
ಮೊಳ ಹಾಕುವಳು, ಆಚೆ ಎರಡು ಬೆರಳು ಹೂವು ಸೇರಿಸಿ
ದಾರ ಕತ್ತರಿಸುವಳು.

ನನ್ನ ಕೈ ಮುರಿಯದೆಯೇ ಗಿಡ್ಡ.
ಎದುರಿನವನ ಮುಷ್ಟಿ ನನ್ನ ಮುಖ ಮುಟ್ಟುವಲ್ಲಿ
ನನ್ನದು ಬರೀ ಗಾಳಿ ಮುಟ್ಟುತ್ತದೆ.
ಅದಕ್ಕೇ ಹೊಡೆಯುವ ಮುಂಚೆ
ಎಡಗಾಲು ಒಳಗೆ ಸರಿಸುತ್ತೇನೆ,
ಎರಡು ಬೆರಳು. ಹೆಚ್ಚಿಲ್ಲ.